ಜಿಲ್ಲಾ ಪುಟದ ಗಡಿ

ವೀರಶೈವರ ಪಂಚಪೀಠಗಳಲ್ಲೊಂದು ಇರುವ ಊರಾದರೂ ನಮ್ಮ ಉಜ್ಜಿನಿಯ ಹೆಸರು ಪೇಪರ್‌ನಲ್ಲಿ ಗ್ಯಾರಂಟಿಯಾಗಿ ಕಾಣುವುದು ವರ್ಷಕ್ಕೊಮ್ಮೆ. ಮರುಳಸಿದ್ದೇಶ್ವರ ಗುಡಿಯ ಶಿಖರಕ್ಕೆ ಎಣ್ಣೆ ಎರೆದ ಮರುದಿನ ಫೋಟೊ ಬರಲೇಬೇಕು. ಮಿಕ್ಕ ದಿನ ಬರ ಬೀಳಬೇಕು, ಇಲ್ಲವೇ ಬಸ್ಸು ಮಗುಚಬೇಕು.

ನಾನು ಹುಡುಗನಾಗಿದ್ದಾಗ ಪೇಪರ್ ಕೊಟ್ಟೂರು ಕಡೆಯ ಬಸ್ಸಿನಲ್ಲಿ ಬರುತ್ತಿತ್ತು. ಹೋಟೆಲಿಗೆ ಒಂದೇ ಪ್ರತಿ. ಒಂದು ಸುತ್ತು ಚಹಾ ಮುಗಿಯುವುದರೊಳಗೆ ಅದು ಹಾಳೆ ಹಾಳೆಯಾಗಿ ಎಲ್ಲ ಬೆಂಚಿಗೂ ಹಂಚಿಹೋಗಿರುತ್ತಿತ್ತು. ಅಕ್ಷರ ಬಾರದ ಅಜ್ಜಂದಿರು ಶಾಲೆಗೆ ಹೊರಟವರನ್ನು ಹಿಡಿದು ಕೂರಿಸಿ, "ಏನ್ ಬರ್ದಾರೋ ತಮ್ಮಾ, ಗಟ್ಟಿಯಾಗಿ ಓದು" ಅನ್ನುತ್ತಿದ್ದರು. ಕೂಲಿ ಅರ್ಧ ಬನ್ನು. ಹಿಂದಿನ ರಾತ್ರಿ ಕ್ರಿಕೆಟ್ ಇದ್ದರೆ ಮಾತ್ರ ಫಜೀತಿ. ದೂರದೂರಿನ ಪ್ರತಿಗಳು ಬೇಗ ಅಚ್ಚಾಗುತ್ತಿದ್ದುದರಿಂದ ನಮ್ಮ ಪೇಪರ್‌ನಲ್ಲಿ ಭಾರತ ಇನ್ನೂ ಬ್ಯಾಟಿಂಗ್ ಮಾಡುತ್ತಲೇ ಇರುತ್ತಿತ್ತು.

ಮುಂದೆ ಪತ್ರಿಕೆಗಳು ಜಿಲ್ಲೆಗೊಂದು ಪುಟ ಮಾಡಿದವು. ಒಳ್ಳೆಯದೇ, ಆದರೆ ನಮ್ಮದು ಗಡಿಯ ಊರು. ಕಚೇರಿ ಕೆಲಸಕ್ಕೆ ಆಗ ಬಳ್ಳಾರಿ. ಆಸ್ಪತ್ರೆ, ಜವಳಿ, ಬೀಗರು ಎಲ್ಲ ಜಗಳೂರು, ದಾವಣಗೆರೆ ಕಡೆ. ಪಕ್ಕದ ಹರಪನಹಳ್ಳಿಯವರ ಪಾಡು ಇನ್ನೂ ವಿಚಿತ್ರ: 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಸೇರಿದರು, 2018ರಲ್ಲಿ ಬಳ್ಳಾರಿಗೆ ಮರಳಿದರು, 2021ರಲ್ಲಿ ನಮ್ಮೊಂದಿಗೆ ವಿಜಯನಗರದವರಾದರು. ಜಗಳೂರು ಸೀಮೆಯ ನಮ್ಮ ಸೋದರಮಾವ ತೀರಿಕೊಂಡಾಗ ದಾವಣಗೆರೆ ಪುಟದಲ್ಲಿ ಫೋಟೊ ಸಮೇತ ನಿಧನ ವಾರ್ತೆ ಬಂದಿತ್ತಂತೆ. ಆ ದಿನ ನಮ್ಮ ಮನೆಯಲ್ಲಿ ಓದಿದ್ದು ಬಳ್ಳಾರಿ ಪುಟದ ಸಿರುಗುಪ್ಪದ ಭತ್ತದ ಸುದ್ದಿ.

ಸುದ್ದಿ ಎಲ್ಲಿಯದೇ ಇರಲಿ, ಅದರ ವಿಳಾಸ ಬರೆಯುವುದು ಯಂತ್ರ. ಕನ್ನಡದ ಮೊದಲ ಪತ್ರಿಕೆಯ ಕಥೆಯೂ ಅದೇ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ನಾಲ್ಕು ಪುಟದ ಪಾಕ್ಷಿಕ, ಕಲ್ಲಚ್ಚಿನಲ್ಲಿ ಮುದ್ರಣ. ಮರುವರ್ಷ ಅದು ಅಚ್ಚುಮೊಳೆಗಳಿದ್ದ ಬಳ್ಳಾರಿಗೆ ಬಂತು. ಬಂದ ಮೇಲೆ ಮಂಗಳೂರನ್ನು ಕಳಚಿಟ್ಟು 'ಕನ್ನಡ ಸಮಾಚಾರ' ಆಯಿತು. ಜುಲೈ ಒಂದರ ಪತ್ರಿಕಾ ದಿನಾಚರಣೆಯ ಭಾಷಣಗಳಲ್ಲಿ ಮಂಗಳೂರಿಗೆ ಹಾರ ಬೀಳುತ್ತದೆ; ಬಳ್ಳಾರಿಯ ನೆನಪು ಬಳ್ಳಾರಿಯವರಿಗೂ ಕಡಿಮೆ.

ಈಗಿನ ಯಂತ್ರ ಅಂಗಿ ಜೇಬಿನಲ್ಲಿದೆ. 2016ರ ನಂತರ ಡೇಟಾ ಅಗ್ಗವಾಗಿ ಹೋಟೆಲಿನ ಬೆಂಚಿಗೂ ವಾಟ್ಸ್‌ಆ್ಯಪ್ ಬಂತು. 2020ರ ಲಾಕ್‌ಡೌನಿನಲ್ಲಿ ಪೇಪರ್ ಮುಟ್ಟಿದರೆ ಕೊರೊನಾ ಅಂಟುತ್ತದೆಂದು ಹೆದರಿದವರೆಲ್ಲ ಗ್ರೂಪಿನ ಪಿಡಿಎಫ್‌ಗೆ ಒಗ್ಗಿದರು, ರೊಕ್ಕ ಕೊಡದೆ ಓದುವುದಕ್ಕೂ ಒಗ್ಗಿದರು. ಊರೂರಿನಿಂದ ಸುದ್ದಿ ಕಳಿಸುವ ಅರೆಕಾಲಿಕ ವರದಿಗಾರನ ಸಂಭಾವನೆ ಎಲ್ಲಿಂದ ಹುಟ್ಟಬೇಕೆಂದು ಯಾರೂ ಕೇಳಲಿಲ್ಲ. ಆತನೇ ಬೆಳಗಾಗೆದ್ದು ತನ್ನ ವರದಿಯ ಫೋಟೊ ತೆಗೆದು ಹತ್ತು ಗ್ರೂಪಿಗೆ ಹಾಕುತ್ತಾನೆ, ಪಾಪ.

ಗಡಿಯೇನೋ ಅಳಿಯಿತು. ಜಗಳೂರಿನ ಸಾವು ಶವ ಇಳಿಸುವ ಮೊದಲೇ ಉಜ್ಜಿನಿಗೆ ಗೊತ್ತಾಗುತ್ತದೆ. ಆದರೆ ಫೋನಿನಲ್ಲಿ ಟೈಪಾದ ಸುದ್ದಿಯನ್ನು ನಮ್ಮ ಅತ್ತೆ ನಂಬುವುದಿಲ್ಲ. ಪೇಪರ್ ಕತ್ತರಿಸಿದಂತೆ ಕಾಣಬೇಕು. ಅಂಥ ಕಟಿಂಗನ್ನು ಫೋನಿನಲ್ಲೇ ಹುಟ್ಟಿಸಬಹುದೆಂದರೆ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಮೊನ್ನೆ ರೇಷನ್ ಕಾರ್ಡೇ ರದ್ದಾಗುತ್ತದೆಂಬ ಕಟಿಂಗ್ ತೋರಿಸಿದರು.

"ಯಾವ ಪೇಪರ್ ಅತ್ತೆ? ತಾರೀಖು ಎಲ್ಲೈತಿ?"

"ನಿಮ್ಮ ಮಾವನ ಕಾಲದಾಗೆ ಹೋಟೆಲ್‌ನಾಗೆ ಹರ್ಕೊಂಡು ಓದ್ತಿದ್ರಲ್ಲ, ಅದ್ರಾಗೆ ತಾರೀಖು ಯಾರು ನೋಡ್ತಿದ್ರೋ?"