ಸೀರಿಯಮ್ ಎಂಬ ಚಿಟಿಕೆ ಲೋಹ

ಕರೆಂಟಿಲ್ಲದ ಕಾಲದ ಬಯಲಾಟದಲ್ಲಿ ಭಾಗವತರಿಗೆ, ವೇಷಧಾರಿಗಳಿಗೆ, ಕೊನೆಗೆ ಚರುಮುರಿ ಮಾರುವವನಿಗೂ ಊರಲ್ಲೊಂದು ಹೆಸರಿರುತ್ತಿತ್ತು. ಬೆಳಗಿನವರೆಗೆ ರಂಗಸ್ಥಳ ಬೆಳಗಿದ ಗ್ಯಾಸ್‌ಲೈಟಿನ ಮ್ಯಾಂಟಲಿಗೆ ಮಾತ್ರ ಯಾರೂ ಶಾಲು ಹೊದಿಸಲಿಲ್ಲ. ಹೊದಿಸುವಂತೆಯೂ ಇರಲಿಲ್ಲ ಬಿಡಿ, ಒಮ್ಮೆ ಉರಿದ ಮ್ಯಾಂಟಲು ಬೆರಳು ತಾಕಿದರೆ ಪುಡಿಪುಡಿ. ಬಟ್ಟೆ ಎಂದೋ ಸುಟ್ಟುಹೋಗಿ, ಅದು ಹೀರಿಕೊಂಡಿದ್ದ ಲವಣಗಳ ಬೂದಿಯಷ್ಟೇ ಪುಟ್ಟ ಚೀಲದ ಆಕಾರದಲ್ಲಿ ನಿಂತಿರುತ್ತದೆ. ಆ ಬೂದಿಯಲ್ಲಿ 99 ಪಾಲು ಥೋರಿಯಂ ಆಕ್ಸೈಡು, 1 ಪಾಲು ಸೀರಿಯಮ್ ಆಕ್ಸೈಡು. ಬರೀ ಥೋರಿಯಂ ಆದರೆ ಬೆಳಕು ಮಂಕು, ಸೀರಿಯಮ್ ಹೆಚ್ಚಾದರೂ ಮಂಕು. ಇಂಗಿನ ಹಾಗೆ, ಚಿಟಿಕೆಯಲ್ಲೇ ಅದರ ಮಹಿಮೆ.

ಈ ಹದ ಕಂಡುಕೊಂಡು 1891ರಲ್ಲಿ ಮಾರುಕಟ್ಟೆಗೆ ತಂದವನು ಆಸ್ಟ್ರಿಯದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್. ಥೋರಿಯಂ ಬೇಕೆಂದರೆ ಮೊನಜೈಟ್ ಮರಳು ಬೇಕು. ಅದು ಬ್ರೆಜಿಲಿನಿಂದ ಬರುತ್ತಿತ್ತು, ಮುಂದೆ ನಮ್ಮ ತಿರುವಾಂಕೂರಿನ ಕಡಲತೀರದಿಂದಲೂ ಹಡಗು ಹತ್ತಿತು. ಥೋರಿಯಂ ತೆಗೆದ ಮೇಲೆ ಕಾರ್ಖಾನೆಯ ಹಿತ್ತಲಲ್ಲಿ ರಾಶಿ ಬೀಳುತ್ತಿದ್ದ ಉಳಿಕೆಯಲ್ಲಿ ಸೀರಿಯಮ್ಮೇ ಹೆಚ್ಚು. ಪುಣ್ಯಾತ್ಮ ಅದನ್ನೂ ಬಿಡಲಿಲ್ಲ. ಕಬ್ಬಿಣ ಬೆರೆಸಿ, ಗೀರಿದರೆ ಕಿಡಿ ಹಾರುವ ಮಿಶ್ರಲೋಹ ಮಾಡಿ, 1903ರಲ್ಲಿ ಅದಕ್ಕೆ ಪೇಟೆಂಟು ಪಡೆದ. ಸಿಗರೇಟು ಲೈಟರಿನಲ್ಲಿ ನಾವು ಕಲ್ಲು ಅನ್ನುವುದು ಅದನ್ನೇ. ಶುದ್ಧ ಸೀರಿಯಮ್ ಚಾಕುವಿಗೆ ಬಗ್ಗುವಷ್ಟು ಮೆತ್ತಗೆ, ಆದರೆ ಕೆರೆದರೆ ಸಿಡಿಯುವ ಚೂರು ಗಾಳಿ ಸೋಕಿದ್ದೇ ಹೊತ್ತಿಕೊಳ್ಳುತ್ತದೆ.

ಆಮ್ಲಜನಕದ ಮೇಲೆ ಅದಕ್ಕೆ ಅಷ್ಟು ಮೋಹ. ಹಾಗಂತ ಜಿಪುಣನಲ್ಲ. ಕಾರಿನ ಹೊಗೆ ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಅದರ ಆಕ್ಸೈಡು ಆಮ್ಲಜನಕ ಹೆಚ್ಚಾದಾಗ ಹಿಡಿದಿಟ್ಟು, ಕೊರತೆಯಾದಾಗ ಬಿಟ್ಟುಕೊಡುತ್ತದೆ. ಕನ್ನಡಕದ ಗಾಜು ನುಣುಪಾಗುವುದೂ ಆ ಪುಡಿಯಿಂದಲೇ. ವಿರಳ ಲೋಹಗಳ ಪಂಕ್ತಿಯಲ್ಲಿ ಕೂತಿದ್ದರೂ ಭೂಮಿಯ ತೊಗಟೆಯಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಈಗ ಎಲ್ಲರಿಗೂ ಅಯಸ್ಕಾಂತಕ್ಕೆ ನಿಯೋಡಿಮಿಯಂ ಬೇಕು. ಅದನ್ನು ಅಗೆಯಹೋದರೆ ಜೊತೆಗೆ ಇದು ಬೇಡವೆಂದರೂ ಮೇಲೆ ಬರುತ್ತದೆ. ಹಾಗಾಗಿ ಅಗ್ಗ.

ಅಗ್ಗ ಅಂದೆನಲ್ಲ, ಅದು ಪೇಟೆಯ ಮಾತು. ನಾಜಿಗಳ ಸೆರೆಶಿಬಿರ ಆಶ್ವಿಟ್ಸ್‌ನಲ್ಲಿ ಕೈದಿಯಾಗಿದ್ದ ರಸಾಯನಜ್ಞ ಪ್ರೀಮೊ ಲೇವಿ ಅಲ್ಲಿನ ಪ್ರಯೋಗಾಲಯದಿಂದ ಸೀರಿಯಮ್ ಕಡ್ಡಿಗಳನ್ನು ಕದ್ದ. ಗೆಳೆಯ ಆಲ್ಬರ್ಟೊ ಜೊತೆ ರಾತ್ರಿ ಹೊದಿಕೆಯೊಳಗೆ ಮುಸುಕಿಕೊಂಡು, ಎಲ್ಲಿ ಕಿಡಿ ಹತ್ತೀತೋ ಎಂಬ ಭಯದಲ್ಲೇ ಅವನ್ನು ಲೈಟರ್ ಕಲ್ಲಿನ ಅಳತೆಗೆ ಹೆರೆದ. ಒಂದು ಕಲ್ಲಿಗೆ ಒಂದು ದಿನದ ಬ್ರೆಡ್ಡು. ಕಡ್ಡಿ 40, ಕಲ್ಲು 120, ಇಬ್ಬರಿಗೂ ಎರಡೆರಡು ತಿಂಗಳ ಆಯುಸ್ಸು ಎಂದು ಅವನೇ ಲೆಕ್ಕ ಬರೆದಿಟ್ಟಿದ್ದಾನೆ. ಯಾವ ಲೋಹದ ಪೇಟೆಯೂ ಸೀರಿಯಮ್ಮಿಗೆ ಆ ದರ ಕೊಟ್ಟಿಲ್ಲ.