ಬೆನ್ನ ಹಿಂದಿನ ದೀಪ

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ದೀಪ ಉರಿಯುತ್ತಿರುವಾಗಲೇ ಕತ್ತಲೆಯಲ್ಲಿ ಕೆಲಸ ಮಾಡುವವರೂ ಉಂಟೆಂಬುದು ನನಗೆ ತಿಳಿದದ್ದು ಕಳೆದ ದಸರೆಯ ರಜದಲ್ಲಿ. ಅದೂ ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡ ಮೇಲೆ.

ನಮ್ಮದು ತಾತನ ಕಾಲದ ಹೆಂಚಿನ ಮನೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ವಿದ್ಯುತ್ತು ಹರಿಯಿತು, 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂತು ಎಂದು ಚರಿತ್ರೆಯಲ್ಲಿ ಓದಿದ್ದೇನೆ. ಆ ಬೆಳಕು ನಮ್ಮೂರನ್ನು ತಲುಪುವ ಹೊತ್ತಿಗೆ ತಾತನ ತಲೆ ನರೆತಿತ್ತಂತೆ. ತಂತಿ ಎಳೆದವನು ಬೀದಿಬಾಗಿಲಿನಿಂದ ಹೊರಟು, ನಡುಮನೆಯನ್ನು ದಾಟಿ, ಅಡಿಗೆಮನೆಯ ಹೊಸ್ತಿಲು ಕಾಣುತ್ತಲೇ ದಣಿದನೆಂದು ತೋರುತ್ತದೆ. ಬಾಗಿಲಿನ ಮೇಲೆಯೇ ಒಂದು ಬಲ್ಬು ತೂಗಹಾಕಿ ಹೋದ. ಒಲೆ ಇರುವುದೋ ಎದುರು ಗೋಡೆಗೆ. ಹೀಗಾಗಿ ಅಡಿಗೆ ಮಾಡುವವರ ಬೆನ್ನಿಗೆ ಬೆಳಕು, ಕೈಗೆ ನೆರಳು.

ಅನ್ನದಲ್ಲಿ ಕಲ್ಲು ಸಿಕ್ಕಿದರೆ ಅಪ್ಪ ಅದನ್ನು ತಟ್ಟೆಯ ಅಂಚಿಗಿಟ್ಟು ಸುಮ್ಮನಾಗುತ್ತಿದ್ದರು. ನಾನು ಮಾತ್ರ ಸುಮ್ಮನಿರದೆ, “ನಿನ್ನ ಕಣ್ಣು ಕೆಟ್ಟಿದೆಯಮ್ಮ, ತೋರಿಸಿಕೊ” ಎನ್ನುತ್ತಿದ್ದೆ. ಕಾಲೇಜಿಗೆ ಹೋಗುವವನಿಗೆ ಬುದ್ಧಿ ಹೇಳುವುದು ಬಹಳ ಸುಲಭ.

ರಜದಲ್ಲಿ ಅಮ್ಮ ಜ್ವರದಿಂದ ಮಲಗಿದಳು. ಸೌಟು ನನ್ನ ಕೈಗೆ ಬಂತು. ಸಂಜೆ ಒಲೆಯ ಪಕ್ಕದಲ್ಲಿ ಬದನೆಕಾಯಿ ಹೆಚ್ಚಲು ಕುಳಿತರೆ ಕಾಯಿಯ ಮೇಲೆ ನನ್ನ ತಲೆಯ ನೆರಳೇ ಕುಳಿತಿತ್ತು. ನಾನು ಎಡಕ್ಕೆ ಸರಿದರೆ ಅದೂ ಸರಿಯಿತು. ಮೊದಲನೆಯ ದಿನ ಬೆರಳು ಕೊಯ್ದಿತು. ಎರಡನೆಯ ದಿನ ಸಾಸಿವೆ ಸೀದದ್ದು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ತಿಳಿಯಿತು.

“ಈ ಕತ್ತಲಲ್ಲಿ ಹೇಗಮ್ಮ ಮಾಡ್ತೀಯ?” ಎಂದು ಕೇಳಿದೆ.

“ಮೊದಲು ನಿಮ್ಮ ಮಾವ ತಂದುಕೊಟ್ಟ ದೀಪ ಒಲೆ ಪಕ್ಕದ ಗೂಡಲ್ಲಿತ್ತಲ್ಲಪ್ಪ. ನೀನು ಎಸ್.ಎಸ್.ಎಲ್.ಸಿ.ಗೆ ಓದೋವಾಗ ಎತ್ತಿ ಕೊಟ್ಟೆ, ಮರೆತೆಯಾ?”

ಮರೆತಿದ್ದೆ. ಆ ದೀಪ ಈಗಲೂ ಇಲ್ಲಿ, ವಿದ್ಯಾರ್ಥಿನಿಲಯದ ನನ್ನ ಮೇಜಿನ ಮೇಲಿದೆ. ಈ ಲೇಖನವನ್ನು ಬರೆಯುತ್ತಿರುವುದೂ ಅದರ ಬೆಳಕಿನಲ್ಲಿಯೇ.

ಮರುದಿನವೇ ಪೇಟೆಗೆ ಹೋಗಿ ದೊಡ್ಡ ಬಲ್ಬು ತಂದು ಬಾಗಿಲಿನ ಮೇಲೆ ಹಾಕಿದೆ. ನೆರಳು ಇನ್ನಷ್ಟು ಕಪ್ಪಾಯಿತು, ಅಷ್ಟೆ! ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದ್ದ ಗೆಳೆಯನೊಬ್ಬ ನಕ್ಕು, “ದೀಪ ದೊಡ್ಡದಾದರೆ ಸಾಲದು, ಹತ್ತಿರವಿರಬೇಕು, ಕೈಯ ಮುಂದಿರಬೇಕು. ಬಲ್ಬಿನ ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ” ಎಂದ. ಆಮೇಲೆ ನಾವಿಬ್ಬರೂ ಲೆಕ್ಕ ಹಾಕಿದೆವು. ಹಿಂದಿನ 60 ವ್ಯಾಟಿನ ತಂತಿಬಲ್ಬು ಕೊಡುತ್ತಿದ್ದಷ್ಟು ಬೆಳಕನ್ನು ಇಂದಿನ 9 ವ್ಯಾಟಿನ ಎಲ್.ಇ.ಡಿ. ಕೊಡುತ್ತದೆ, ಆದ್ದರಿಂದ ಖರ್ಚಿನ ಭಯವಿಲ್ಲ. ಒಲೆಯ ಮೇಲಿನ ನಾಗಂದಿಗೆಯ ಅಡಿಯಲ್ಲಿ, ಮುಂಅಂಚಿಗೆ, 2 ಅಡಿಯ ಎಲ್.ಇ.ಡಿ. ಪಟ್ಟಿದೀಪ, ಕಣ್ಣಿಗೆ ಕುಕ್ಕದಂತೆ ಅದರ ಮುಂದೊಂದು ಮರದ ರೀಪು, ಉರಿ ಮತ್ತು ಹಬೆ ನೇರವಾಗಿ ತಾಗದಂತೆ ಸ್ವಲ್ಪ ಪಕ್ಕಕ್ಕೆ. ಬಣ್ಣದಲ್ಲಿಯೂ ಆಯ್ಕೆಯುಂಟು: 6500 ಕೆಲ್ವಿನ್ನಿನದು ನೀಲಿಬಿಳುಪು, 2700ರದು ಹಳದಿ. ನಾವು ನಡುವಿನ 4000ದ್ದನ್ನು ಆರಿಸಿದೆವು. ಹಳೆಯ ತಂತಿಗೆ ಅರ್ತಿಂಗ್ ಇರಲಿಲ್ಲ. ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ತಂತಿ ಬದಲಾಯಿಸಿ, ಅರ್ತಿಂಗ್ ಕೊಡಿಸಿದೆವು. ಹೊಗೆ ಹಿಡಿದ ಗೋಡೆ ಬಂದ ಬೆಳಕನ್ನೆಲ್ಲ ನುಂಗುತ್ತಿತ್ತು. ಉಜ್ಜಿ ಸುಣ್ಣ ಬಳಿದೆ. ಹಗಲಿಗೆಂದು ಸೂರಿನಲ್ಲಿ ಎರಡು ಹೆಂಚು ತೆಗೆದು ಗಾಜಿನ ಹೆಂಚು ಹೊದಿಸಿದೆವು.

ಜ್ವರ ಬಿಟ್ಟು ಎದ್ದ ಅಮ್ಮ ಸಂಜೆ ಗುಂಡಿ ಒತ್ತಿದಳು. ನಾನು ಹೊಗಳಿಕೆಗಾಗಿ ಕಾದು ನಿಂತಿದ್ದೆ. “ಅಯ್ಯೋ, ಒಲೆಕಟ್ಟೆ ಇಷ್ಟು ಜಿಡ್ಡಾಗಿತ್ತಾ! ಬಂದೋರು ಏನಂದುಕೊಂಡಿರ್ತಾರೋ!” ಎಂದು ನಾರು ತೆಗೆದುಕೊಂಡು ಉಜ್ಜಲಾರಂಭಿಸಿದಳು.

ನನ್ನ ಮಾತು ಪೂರ್ತಿ ಸುಳ್ಳಾಗಿರಲಿಲ್ಲವೆನ್ನಿ. ಕಣ್ಣಿನ ವೈದ್ಯರು ಕನ್ನಡಕವನ್ನೂ ಬರೆದುಕೊಟ್ಟರು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ ಒಳಗೆ ಹೋಗುವ ಬೆಳಕು ಕಡಮೆಯಾಗುತ್ತದೆ. ಇಪ್ಪತ್ತರ ಕಣ್ಣಿಗೆ ಸಾಕಾದದ್ದು ಐವತ್ತರ ಕಣ್ಣಿಗೆ ಸಾಲದು ಎಂದರು. ಎಂದರೆ, ಹೆಚ್ಚು ಬೆಳಕು ಬೇಕಾಗಿದ್ದವಳಿಂದಲೇ ನಾನು ದೀಪವನ್ನು ತೆಗೆದುಕೊಂಡಿದ್ದೆ.

ಗೆಳೆಯರೇ, ಈ ಸಲ ಊರಿಗೆ ಹೋದಾಗ ದೀಪ ಹೊತ್ತಿಸುವ ಸಮಯಕ್ಕೆ ಒಲೆಯ ಮುಂದೆ ಒಂದು ಗಳಿಗೆ ನಿಂತು, ನಿಮ್ಮ ನೆರಳು ಎಲ್ಲಿ ಬೀಳುತ್ತದೆಂದು ನೋಡಿ. ಕಾಲೇಜಿಗೆ ಹೊರಡುವ ದಿನ ನಾನು, “ಆ ಮೇಜಿನ ದೀಪವನ್ನೂ ತಂದುಕೊಡ್ತೀನಮ್ಮ” ಎಂದೆ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆಯೇ ಹೇಳಿದಳು:

“ಪರೀಕ್ಷೆ ಮುಗೀಲಿ.”