ನೈಟ್ ಡ್ಯೂಟಿ ಡೈರಿ – 14: ಒಂದು ಕ್ಲಿಕ್ಕಿಗೆ 42 ಪೆನ್ಸ್

ಹೋದ ವಾರ ಬರೆಯೋಕೆ ಆಗಲಿಲ್ಲ. ಮೂರು ನೈಟ್ ಇತ್ತು, ಆಮೇಲೆ ಎರಡು ದಿನ ನಿದ್ದೆಯಲ್ಲೇ ಹೋಯ್ತು. ವಾರ್ಡ್ ಕಥೆಗೆ ಕಾಯ್ತಿದ್ದವರು ಕ್ಷಮಿಸಬೇಕು, ಈ ಸಲ ದುಡ್ಡು ಕಳ್ಕೊಂಡ ಕಥೆ. ಇದನ್ನ ನಮ್ಮ ಯಜಮಾನ್ರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅವರಿಗೂ ಪೂರ್ತಿ ಲೆಕ್ಕ ಕೊಟ್ಟಿರಲಿಲ್ಲ. (ಈಗ ಓದ್ತಾ ಇದ್ರೆ, ರೀ, ಸ್ವಲ್ಪ ತಡೀರಿ, ಕೆಳಗಡೆ ಇದೆ.)

ಈಗ ಯಾಕೆ ಹೇಳ್ತಿದೀನಿ ಅಂದ್ರೆ, ಭಾನುವಾರ ತಮ್ಮ ತೀರ್ಥಹಳ್ಳಿಯಿಂದ ಫೋನ್ ಮಾಡಿದ್ದ. ಅಫಿಲಿಯೇಟ್ ಮಾರ್ಕೆಟಿಂಗ್ ಕಲಿಸೋ ಒಂದು ಆನ್‌ಲೈನ್ ಕೋರ್ಸಿಗೆ ಸೇರ್ತಾನಂತೆ. ಫೀಸು 60,000 ರೂಪಾಯಿ. ಅವನ ಹೆಂಡತಿಯ ಸರ ಅಡ ಇಡೋದು ಅಂತ ಮಾತಾಗಿದೆ. "ಅಕ್ಕಾ, ಒಂದು ಸಲ ಕ್ಯಾಂಪೇನ್ ಸೆಟ್ ಮಾಡಿದ್ರೆ ಸಾಕಂತೆ, ನಾವು ಮಲಗಿದ್ರೂ ದುಡ್ಡು ಬರುತ್ತಂತೆ" ಅಂದ.

ನಾನು ಮಲಗಿದ್ದಾಗ ದುಡ್ಡು ಹೋಗಿತ್ತು ಮಾರಾಯ. ಅದನ್ನ ಫೋನಲ್ಲಿ ಹೇಳೋಕೆ ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ಮೊದಲು ಇದೇನು ಅಂತ ಅಮ್ಮನಿಗೂ ಅರ್ಥ ಆಗೋ ಹಾಗೆ ಹೇಳ್ತೀನಿ. ನಮ್ಮೂರ ಬಸ್‌ಸ್ಟ್ಯಾಂಡಲ್ಲಿ "ಶಿವಮೊಗ್ಗ ಶಿವಮೊಗ್ಗ ಶಿವಮೊಗ್ಗ" ಅಂತ ಕೂಗಿ ಪ್ರೈವೇಟ್ ಬಸ್ಸಿಗೆ ಜನ ಹತ್ತಿಸೋ ಏಜೆಂಟು ಇರ್ತಾನಲ್ಲ, ಅವನೇ ಅಫಿಲಿಯೇಟ್. ಬಸ್ಸು ಅವನದಲ್ಲ. ಹತ್ತಿಸಿದ್ದಕ್ಕೆ ಕಮಿಷನ್. ನೆಟ್ಟಲ್ಲಿ ಬಸ್ಸಿನ ಬದಲು ಯಾರದೋ ಅಂಗಡಿ, ಕೂಗೋ ಬದಲು ಒಂದು ಲಿಂಕು. ಆ ಲಿಂಕಿನಿಂದ ಹೋದವರು ಸಾಮಾನು ಕೊಂಡರೆ ನಮಗೆ ಇಷ್ಟು ಪರ್ಸೆಂಟು. ಎಷ್ಟು ಹೊತ್ತಿನೊಳಗೆ ಕೊಳ್ಳಬೇಕು ಅಂತಲೂ ಲೆಕ್ಕ ಇರುತ್ತೆ. ಅಮೆಜಾನಿನ ಲಿಂಕಾದ್ರೆ 24 ಗಂಟೆ, ಅಷ್ಟರೊಳಗೆ ಅವರು ಸಾಮಾನನ್ನ ಬುಟ್ಟಿಗಾದ್ರೂ ಹಾಕಿರಬೇಕು.

ಇಲ್ಲಿವರೆಗೆ ಸರಿ. ಆದರೆ ನಮ್ಮ ಲಿಂಕು ಯಾರು ನೋಡ್ತಾರೆ? ಅದಕ್ಕೆ ಗೂಗಲ್ ಆಡ್ಸ್. ಜನ ಏನೋ ಹುಡುಕಿದಾಗ ಮೇಲೆ "ಸ್ಪಾನ್ಸರ್ಡ್" ಅಂತ ಬರೋ ಸಾಲುಗಳಿವೆಯಲ್ಲ, ಅಲ್ಲಿ ನಮ್ಮ ಸಾಲೂ ಬರಬೇಕು ಅಂದ್ರೆ ಹರಾಜಿಗೆ ಕೂರಬೇಕು. ಒಂದೊಂದು ಹುಡುಕಾಟಕ್ಕೂ ಆ ಕ್ಷಣದಲ್ಲೇ ಹರಾಜು ಆಗುತ್ತೆ. ಅಡಿಕೆ ಮಂಡಿಯ ಹಾಗೆ ಜಾಸ್ತಿ ಕೂಗಿದವನಿಗೇ ಸಿಗುತ್ತೆ ಅಂತಲ್ಲ, ಜಾಹೀರಾತು ಹುಡುಕಿದ ಮಾತಿಗೆ ಎಷ್ಟು ಹೊಂದುತ್ತೆ, ನಮ್ಮ ಪೇಜು ಉಪಯೋಗಕ್ಕೆ ಬರುತ್ತಾ ಅಂತಲೂ ತೂಗ್ತಾರೆ. ಯಾರಾದ್ರೂ ಕ್ಲಿಕ್ ಮಾಡಿದ್ರೆ ದುಡ್ಡು ಕಟ್. ಕೊಂಡ್ರಾ ಬಿಟ್ರಾ ಅದು ಗೂಗಲ್ಲಿಗೆ ಬೇಡ. ಅಂದ್ರೆ ಏಜೆಂಟು ಬಸ್ಸಿನ ಕಡೆ ತಿರುಗಿ ನೋಡಿದ ಪ್ರತಿಯೊಬ್ಬನಿಗೂ ಮೊದಲು ತನ್ನ ಜೇಬಿಂದ ಕಾಸು ಕೊಡಬೇಕು, ಹತ್ತಿದವನಿಂದ ಮಾತ್ರ ಕಮಿಷನ್. ಇಷ್ಟನ್ನ ನಾನು ಮೊದಲ ದಿನವೇ ಯೋಚಿಸಿದ್ದಿದ್ರೆ ಈ ಪೋಸ್ಟ್ ಇರ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ನಮಗೆ ಇಲ್ಲಿ ಖಾಯಂ ಆಗಿ ಇರೋಕೆ ಪರ್ಮಿಷನ್ ಸಿಕ್ತು. (ಸ್ಪಾನ್ಸರ್‌ಶಿಪ್ ವೀಸಾದಲ್ಲಿ ಇರೋ ತಂಗಿಯರು ಇದನ್ನ ಓದಿ ಹುರುಪಾಗಬೇಡಿ, ಆ ವೀಸಾದಲ್ಲಿ ಪಕ್ಕದಲ್ಲಿ ಸ್ವಂತ ವ್ಯವಹಾರ ಮಾಡೋ ಹಾಗಿಲ್ಲ.) ಯಾವ ಸಾಮಾನು ಅಂತ ಯೋಚಿಸೋದೇ ಬೇಕಾಗಲಿಲ್ಲ. ಹನ್ನೆರಡೂವರೆ ಗಂಟೆ ಶಿಫ್ಟಲ್ಲಿ ನಿಂತು ನಿಂತು ನಾವೆಲ್ಲ ಹಾಕ್ಕೊಳ್ಳೋದು ಕಂಪ್ರೆಷನ್ ಸಾಕ್ಸ್, ಕಾಲನ್ನ ಬಿಗಿಯಾಗಿ ಹಿಡಿಯೋ ಉದ್ದ ಕಾಲುಚೀಲ. ಅದನ್ನ ಮಾರೋ ಒಂದು ಅಂಗಡಿ 8 ಪರ್ಸೆಂಟ್ ಕಮಿಷನ್ ಕೊಡ್ತಿತ್ತು. ಟೀ ಬ್ರೇಕಲ್ಲಿ ವಿಡಿಯೋ ನೋಡಿ ನೋಡಿ ಒಂದು ಪೇಜ್ ಮಾಡಿದೆ. ಸೈಜು ಹೇಗೆ ಅಳೀಬೇಕು, ಹೇಗೆ ಒಗೀಬೇಕು, ಯಾವುದು ಬೇಗ ಸಡಿಲ ಆಗುತ್ತೆ. ಈಗಲೂ ಹೇಳ್ತೀನಿ, ಪೇಜು ಚೆನ್ನಾಗಿತ್ತು. ಮೇಲೆ ಇದು ಜಾಹೀರಾತು ಅಂತಲೂ ಬರೆದೆ, ಇಲ್ಲಿ ಅದನ್ನ ಮುಚ್ಚಿಡೋ ಹಾಗಿಲ್ಲ.

ಗೂಗಲ್ಲಲ್ಲಿ ಒಂದು ಹೆಡ್‌ಲೈನಿಗೆ 30 ಅಕ್ಷರ ಅಷ್ಟೇ. ಅದರಲ್ಲಿ "ಎನ್‌ಎಚ್‌ಎಸ್ ನರ್ಸ್ ಆರಿಸಿದ್ದು" ಅಂತ ತುರುಕಿದ್ದೆ. ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರಿಗೆ ಖುಷಿಯಾಗಿ ತೋರಿಸಿದೆ. ಅವರು ಕನ್ನಡಕ ಮೇಲೆ ಮಾಡ್ಕೊಂಡು ಓದಿ, "ನಿನ್ನ ರಿಜಿಸ್ಟ್ರೇಷನ್ ನಿನಗೆ ಭಾರ ಆಗಿದೆಯಾ?" ಅಂದ್ರು. ಅವತ್ತೇ ಅಳಿಸಿದೆ. ಮ್ಯಾನೇಜರಿಗೂ ಇಂಥ ಕೆಲಸ ಮಾಡ್ತಿದೀನಿ ಅಂತ ಬರೆದುಕೊಟ್ಟೆ.

ಶುಕ್ರವಾರ ಸಾಯಂಕಾಲ ಕ್ಯಾಂಪೇನ್ ಶುರು ಮಾಡಿದೆ. ದಿನಕ್ಕೆ 10 ಪೌಂಡ್. ಶನಿ, ಭಾನು, ಸೋಮ ನೈಟ್ ಇತ್ತು, ನೋಡೋಕೇ ಹೋಗಲಿಲ್ಲ. ಮಂಗಳವಾರ ಎದ್ದು ನೋಡಿದ್ರೆ 63 ಪೌಂಡ್ ಹೋಗಿದೆ. ದಿನಕ್ಕೆ 10 ಅಂದ್ರೆ ತಿಂಗಳ ಸರಾಸರಿಯಲ್ಲಿ 10, ಒಂದೊಂದು ದಿನ ಎರಡು ಪಟ್ಟಿನವರೆಗೂ ಹೋಗಬಹುದು. ಅದನ್ನ ಅಲ್ಲೇ ಬರೆದಿದ್ರು, ನಾನೇ ಓದಿರಲಿಲ್ಲ. 151 ಕ್ಲಿಕ್, ಒಂದಕ್ಕೆ ಹತ್ತಿರ ಹತ್ತಿರ 42 ಪೆನ್ಸ್. ಮಾರಾಟ ಆಗಿದ್ದು ಎರಡು ಜೊತೆ, ಜೊತೆಗೆ 18 ಪೌಂಡ್. ಕಮಿಷನ್ 2 ಪೌಂಡ್ 88 ಪೆನ್ಸ್. ಅದರಲ್ಲೂ ಒಬ್ಬರು ಸೈಜ್ ಆಗಲಿಲ್ಲ ಅಂತ ವಾಪಸ್ ಮಾಡಿದ್ರು, ಅವರ ಕಮಿಷನ್ನೂ ವಾಪಸ್. ಉಳಿದದ್ದು 1 ಪೌಂಡ್ 44.

ಈ 151 ಜನ ಯಾರು, ಏನು ಹುಡುಕ್ಕೊಂಡು ಬಂದ್ರು ಅಂತ ನೋಡೋಕೆ ಒಂದು ಪಟ್ಟಿ ಸಿಗುತ್ತೆ, ಸರ್ಚ್ ಟರ್ಮ್ಸ್ ಅಂತ. ಎಲ್ಲವೂ ಕಾಣಲ್ಲ, ತುಂಬ ಜನ ಹುಡುಕಿದ ಮಾತುಗಳು ಮಾತ್ರ. ತೆಗೆದು ನೋಡಿದೆ. ಫುಟ್‌ಬಾಲ್ ಸಾಕ್ಸ್, ವಿಮಾನದಲ್ಲಿ ಹಾಕೋ ಸಾಕ್ಸ್, ಇವೆಲ್ಲ ಇತ್ತು. ನಾನು ಬ್ರಾಡ್ ಮ್ಯಾಚ್ ಅನ್ನೋದನ್ನ ಹಾಗೇ ಬಿಟ್ಟಿದ್ದೆ, ಅಂದ್ರೆ ನಮ್ಮ ಪದಕ್ಕೆ ಏನೋ ಸಂಬಂಧ ಇದೆ ಅಂತ ಅದಕ್ಕೆ ಅನ್ನಿಸಿದ ಹುಡುಕಾಟಕ್ಕೆಲ್ಲ ಜಾಹೀರಾತು ತೋರಿಸುತ್ತೆ. ನಾವೇ ಬದಲಾಯಿಸದಿದ್ರೆ ಇರೋದು ಅದೇ.

ಕೆಳಗೆ ಹೋದ ಹಾಗೆ ಬೇರೆ ಥರದ ಸಾಲುಗಳು ಬಂದ್ವು. "ಒಂದೇ ಕಾಲು ಊದಿದೆ." "ಮೀನಖಂಡ ನೋವು, ಮುಟ್ಟಿದ್ರೆ ಬಿಸಿ." "ವಿಮಾನದಿಂದ ಬಂದ ಮೇಲೆ ಕಾಲು ನೋವು." "ಸಕ್ಕರೆ ಕಾಯಿಲೆ, ಪಾದ ಜೋಮು." ಅವರು ಟೈಪ್ ಮಾಡಿದ್ದು ಇಂಗ್ಲಿಷಲ್ಲಿ, ನಾನು ಕನ್ನಡದಲ್ಲಿ ಬರೆದಿದೀನಿ ಅಷ್ಟೇ. ಯಾವ ಹೊತ್ತಲ್ಲಿ ಎಷ್ಟು ಕ್ಲಿಕ್ ಅಂತಲೂ ನೋಡಬಹುದು. ಬೆಳಗಿನ ಜಾವ 2ರಿಂದ 5ರೊಳಗೆ ಸುಮಾರು ಕ್ಲಿಕ್ ಇತ್ತು. ಅದೇ ಹೊತ್ತಲ್ಲಿ ನಾನು ವಾರ್ಡಲ್ಲಿ ಬೆಲ್ ಹೊಡೆದವರ ಹತ್ತಿರ ಓಡಾಡ್ತಿದ್ದೆ.

ನರ್ಸಿಂಗ್ ಓದಿದವರಿಗೆ ಹೇಳಬೇಕಾಗಿಲ್ಲ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋವು ಅಂದ್ರೆ ಮೊದಲು ಯೋಚಿಸಬೇಕಾದದ್ದು ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿರಬಹುದು ಅಂತ. ಅದು ಅಲ್ಲಿಂದ ಕಿತ್ತು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಕಾಲಿಗೆ ರಕ್ತ ಸರಿಯಾಗಿ ಹರಿಯದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಬಿಗಿ ಸಾಕ್ಸ್ ಹಾಕೋ ಮುಂಚೆ ಪರೀಕ್ಷೆ ಮಾಡಿಸ್ಲೇಬೇಕು. ಇಂಥವರು ಆಸ್ಪತ್ರೆಗೆ ಫೋನ್ ಮಾಡೋ ಬದಲು ಗೂಗಲ್ ಮಾಡಿದ್ದಾರೆ, ಅವರಿಗೆ ಕಂಡಿದ್ದು ನನ್ನ 18 ಪೌಂಡಿನ ಸಾಕ್ಸು. ಅವರನ್ನ ನನ್ನ ಪೇಜಿಗೆ ಕರ್ಕೊಂಡು ಬರೋಕೆ ತಲಾ 42 ಪೆನ್ಸ್ ಕೊಟ್ಟಿದ್ದು ನಾನೇ. ಅವತ್ತು ಊಟ ಸೇರಲಿಲ್ಲ.

ಅಂಥ ಮಾತು ಬಂದ್ರೆ ಜಾಹೀರಾತು ತೋರಿಸಬೇಡ ಅಂತ ಹೇಳೋಕೆ ನೆಗೆಟಿವ್ ಕೀವರ್ಡ್ ಅಂತ ಇದೆ. ಕೂತು ಎಪ್ಪತ್ತೆಂಬತ್ತು ಪದ ಹಾಕಿದೆ: ಊತ, ನೋವು, ಜೋಮು, ಗಾಯ, ಬಸುರಿ, ಆಪರೇಷನ್. ಪೇಜಿನ ಮೊದಲ ಸಾಲಲ್ಲೇ, ಬೆಲೆಗಿಂತ ಮೇಲೆ, ಒಂದೇ ಕಾಲು ಊದಿ ನೋವಿದ್ರೆ ಸಾಕ್ಸ್ ಕೊಳ್ಳಬೇಡಿ, 111ಕ್ಕೆ ಫೋನ್ ಮಾಡಿ, ಉಸಿರು ಕಟ್ಟಿದ್ರೆ ಎದೆ ನೋವಿದ್ರೆ 999 ಅಂತ ಬರೆದೆ. ನಂಬರ್ ಒತ್ತಿದ್ರೆ ಫೋನ್ ಹೋಗೋ ಹಾಗೆ ಮಾಡಿದೆ. ವಿಡಿಯೋದವರು ನೋಡಿದ್ರೆ ತಲೆ ಚಚ್ಕೋತಿದ್ರು, ಬಂದ ಗಿರಾಕಿಯನ್ನ ಬಾಗಿಲಲ್ಲೇ ವಾಪಸ್ ಕಳಿಸೋ ಅಂಗಡಿ ಯಾವುದಿದೆ?

ಆಮೇಲೆ ಎಲ್ಲ ಬಿಗಿ ಮಾಡಿ, "ನರ್ಸುಗಳಿಗೆ ಕಂಪ್ರೆಷನ್ ಸಾಕ್ಸ್" ಅಂತಲೇ ಹುಡುಕಿದವರಿಗೆ ಮಾತ್ರ ತೋರಿಸಿದೆ. ಇಪ್ಪತ್ತು ಜನಕ್ಕೆ ಒಬ್ಬರು ಕೊಳ್ಳೋಕೆ ಶುರು ಮಾಡಿದ್ರು, ಒಬ್ಬೊಬ್ಬರು ಸುಮಾರು 30 ಪೌಂಡಿಗೆ. ಖುಷಿಯಾಯ್ತು. ತಮ್ಮಾ, ಈ ಲೆಕ್ಕ ನಿಧಾನವಾಗಿ ಓದು. 30 ಪೌಂಡಿಗೆ 8 ಪರ್ಸೆಂಟ್ ಅಂದ್ರೆ 2 ಪೌಂಡ್ 40. ಇಪ್ಪತ್ತು ಕ್ಲಿಕ್ಕಿಗೆ ಹಂಚಿದ್ರೆ ಒಂದಕ್ಕೆ 12 ಪೆನ್ಸ್. ನಾನು ಕೊಡ್ತಿದ್ದದ್ದು 35. ಎಷ್ಟು ಚೆನ್ನಾಗಿ ನಡೆದ್ರೂ ಒಂದು ಕ್ಲಿಕ್ಕಿಗೆ 23 ಪೆನ್ಸ್ ಕೈ ಬಿಡುತ್ತೆ. ಜಾಸ್ತಿ ಜನ ಬಂದಷ್ಟೂ ಜಾಸ್ತಿ ನಷ್ಟ.

ಇದರಲ್ಲಿ ದುಡ್ಡು ಮಾಡೋರು ಇಲ್ಲ ಅಂತಲ್ಲ, ಇದ್ದಾರೆ. ಒಂದು ಮಾರಾಟಕ್ಕೆ ದೊಡ್ಡ ಕಮಿಷನ್ ಬರೋ ಸಾಮಾನು ಹಿಡೀಬೇಕು. ನನಗೂ ಒಂದು ಸಿಕ್ಕಿತ್ತು. ಸಕ್ಕರೆ ಕಾಯಿಲೆಯನ್ನ ಮರೆತುಬಿಡಿ ಅನ್ನೋ ಮಾತ್ರೆ, ಒಂದು ಡಬ್ಬಿ ಮಾರಿದ್ರೆ 28 ಪೌಂಡ್. ನಲವತ್ತು ಜನಕ್ಕೆ ಒಬ್ಬರು ಕೊಂಡ್ರೂ ಕ್ಲಿಕ್ಕಿಗೆ 70 ಪೆನ್ಸ್, ಲೆಕ್ಕ ಸರಿಯಾಗಿ ಕೂರುತ್ತೆ. ಒಂದು ರಾತ್ರಿ ಪೂರ್ತಿ ಅದನ್ನೇ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಅಪ್ಪ ಕೊನೆಗೆ ಇನ್ಸುಲಿನ್ ಬಿಟ್ಟು ಯಾರೋ ಕೊಟ್ಟ ಪುಡಿ ತಿಂತಿದ್ದದ್ದು ನೆನಪಾಯ್ತು. ಆ ಟ್ಯಾಬ್ ಮುಚ್ಚಿದೆ.

ಏಳು ವಾರ ನಡೆಸಿ ನಿಲ್ಲಿಸಿದೆ. ಹಾಕಿದ್ದು 412 ಪೌಂಡ್, ಬಂದದ್ದು 39. ರೂಪಾಯಿಯಲ್ಲಿ ನಲವತ್ತು ಸಾವಿರದ ಮೇಲೆ ಗಾಳಿಗೆ. ಅಮ್ಮನ ಇನ್ನೊಂದು ಕಣ್ಣಿನ ಪೊರೆ ತೆಗೆಸೋಕೆ ಅಂತ ಎತ್ತಿಟ್ಟಿದ್ದ ದುಡ್ಡು ಅದು. ಆಪರೇಷನ್ ಎರಡು ತಿಂಗಳು ಮುಂದೆ ಹೋಗಿದ್ದು ಡಾಕ್ಟರ್ ಸಿಗದೆ ಅಲ್ಲ, ಅಮ್ಮಾ. ಎಕ್ಸ್‌ಟ್ರಾ ಶಿಫ್ಟ್ ಮಾಡಿ ಸರಿ ಮಾಡಿದೀನಿ, ಆದ್ರೂ ಹೇಳಿಬಿಡಬೇಕಿತ್ತು.

ಪೇಜು ಇನ್ನೂ ಇದೆ, ಜಾಹೀರಾತಿಲ್ಲದೆ. ಯಾರೋ ಆಗಾಗ ಬರ್ತಾರೆ. ಮೊನ್ನೆ ನೋಡಿದ್ರೆ ಇಲ್ಲಿವರೆಗೆ 111ರ ನಂಬರನ್ನ ಒಂಬತ್ತು ಜನ ಒತ್ತಿದ್ದಾರೆ. ಯಾರು, ಆಮೇಲೆ ಏನಾಯ್ತು, ಗೊತ್ತಾಗೋ ದಾರಿ ಇಲ್ಲ.

ತಮ್ಮಾ, ಸರ ಇನ್ನೂ ಬ್ಯಾಂಕಿಗೆ ಹೋಗಿಲ್ಲ ಅಂದ್ಕೊಂಡಿದೀನಿ. ಕಲೀಲೇಬೇಕು ಅಂತಿದ್ರೆ ಕಲಿ, ಗೂಗಲ್ಲಿನವರ ಪಾಠ ಪುಕ್ಕಟೆ ಇದೆ, ನನ್ನ ಅಕೌಂಟ್ ತೆಗೆದು ಒಂದೊಂದೇ ಸಾಲು ನಾನೇ ತೋರಿಸ್ತೀನಿ. ನಾಳೆಯಿಂದ ಮೂರು ಲಾಂಗ್ ಡೇ ಇದೆ. ಗುರುವಾರ ನಿಮ್ಮ ಟೈಮ್ ರಾತ್ರಿ ಎಂಟರ ಮೇಲೆ ಫೋನ್ ಮಾಡು, ಅವಳನ್ನೂ ಪಕ್ಕದಲ್ಲಿ ಕೂರಿಸ್ಕೋ.